ಬೀದಿಯವರ ಇಂಗ್ಲಿಷ್ ಡೌಟಿಗೆ ಉತ್ತರ ಕೊಡೋದು ಹೇಗೆ?

ನಿಮಗೆ ಒಂದಿಷ್ಟು ಇಂಗ್ಲಿಷ್ ಬರುತ್ತದೆ ಅಂತ ಬೀದಿಗೆ ಗೊತ್ತಾದರೆ ಮುಗೀತು. ಸಂಜೆಯಾದರೆ ಗೇಟು ಸದ್ದಾಗುತ್ತದೆ. ಎದುರು ಮನೆ ಡಿಗ್ರಿ ಹುಡುಗಿ, ಟೊಮೆಟೊ ಮಂಡಿಯಲ್ಲಿ ಲೆಕ್ಕ ಬರೆಯುವ ಹುಡುಗ, ನರ್ಸಿಂಗ್ ಮುಗಿಸಿ ಗಲ್ಫ್‌ಗೆ ಹೋಗಬೇಕು ಅಂತ ಓಡಾಡುತ್ತಿರುವ ಸಂಬಂಧಿಕರ ಮಗಳು, ಎಲ್ಲರಿಗೂ ಒಂದೊಂದು ಡೌಟು. ನಮ್ಮ ಕೋಲಾರದ ಕಡೆ ಇದು ಈಚೆಗೆ ಜಾಸ್ತಿ. ನರಸಾಪುರ, ವೇಮಗಲ್ ಕಡೆ ಫ್ಯಾಕ್ಟರಿಗಳು ಬಂದ ಮೇಲೆ ಐಟಿಐ ಓದಿದವರಿಗೂ ಇಂಟರ್‌ವ್ಯೂನಲ್ಲಿ ನಾಲ್ಕು ಮಾತು ಇಂಗ್ಲಿಷ್ ಬೇಕು. ಬಂಗಾರಪೇಟೆಯಿಂದ ರೈಲು ಹಿಡಿದು ದಿನಾ ಬೆಂಗಳೂರಿಗೆ ಹೋಗಿ ಬರುವವರಿಗೆ ಆಫೀಸಿನ ಮೇಲ್ ಬರೆಯುವುದೇ ತಲೆನೋವು.

ಇದು ಅಂಥ ಡೌಟಿಗೆ ಉತ್ತರ ಕೊಡಬೇಕಾದವರಿಗೆ ಬರೆದದ್ದು. ಕಲಿಯುವವರು ಓದಿದರೂ ಉಪಯೋಗವಾದೀತು. ನಾನು ಸಂಜೆ ಹೊತ್ತು ಮನೆಯಲ್ಲೇ ಒಂದಷ್ಟು ಜನಕ್ಕೆ ಸ್ಪೋಕನ್ ಇಂಗ್ಲಿಷ್ ಹೇಳಿಕೊಡುತ್ತೇನೆ. ಕೇಳುವವರು ಬದಲಾಗುತ್ತಾರೆ, ಪ್ರಶ್ನೆಗಳು ಅವೇ. ಯಾಕಂದರೆ ಇವರ ತಪ್ಪುಗಳಲ್ಲಿ ಬಹುಪಾಲು ಕನ್ನಡದಿಂದ ಬಂದವು. ಮನಸ್ಸಲ್ಲಿ ಕನ್ನಡದ ವಾಕ್ಯ ಇರುತ್ತದೆ, ಅದಕ್ಕೆ ಇಂಗ್ಲಿಷ್ ಬಟ್ಟೆ ತೊಡಿಸುತ್ತಾರೆ. ಹಾಗಾಗಿ ಗ್ರಾಮರ್ ಪುಸ್ತಕದ ರೂಲ್ ಒಪ್ಪಿಸೋದು ಬಿಟ್ಟು, ಆ ಕನ್ನಡ ವಾಕ್ಯವನ್ನು ಹೊರಗೆ ಹೇಳಿಸಿ, ಅಲ್ಲಿಂದ ಉತ್ತರ ಶುರು ಮಾಡಿ. ತೆಲುಗು ಮನೆಮಾತಿನವರು ನಮ್ಮಲ್ಲಿ ಬೇಕಾದಷ್ಟು ಜನ ಇದ್ದಾರೆ. ಚಿಂತೆ ಇಲ್ಲ, ಕೆಳಗೆ ಹೇಳಿರುವ ಹೆಚ್ಚಿನ ವಿಷಯಗಳಲ್ಲಿ ತೆಲುಗೂ ಕನ್ನಡದ ದಾರಿಯಲ್ಲೇ ನಡೆಯುತ್ತದೆ.

ಮೊದಲನೇ ಹೆಜ್ಜೆ: ಪೂರ್ತಿ ವಾಕ್ಯ ಕೇಳಿ

"ಅಕ್ಕಾ, ಹ್ಯಾಡ್ ಯಾವಾಗ ಹಾಕಬೇಕು?" ಅಂತ ಕೇಳಿದ ತಕ್ಷಣ ಪಾಠ ಶುರು ಮಾಡಬೇಡಿ. "ಎಲ್ಲಿ ನೋಡಿದೆ? ಪೂರ್ತಿ ಸಾಲು ಹೇಳು" ಅನ್ನಿ. "ಐ ಹ್ಯಾಡ್ ಲಂಚ್" ಅಂದರೆ ಊಟ ಮಾಡಿದೆ. "ಐ ಹ್ಯಾಡ್ ಟು ಗೋ" ಅಂದರೆ ಹೋಗಬೇಕಾಗಿ ಬಂತು. "ಐ ಹ್ಯಾಡ್ ಗಾನ್" ಅಂದರೆ ಅಷ್ಟು ಹೊತ್ತಿಗಾಗಲೇ ಹೋಗಿದ್ದೆ. ಮೂರೂ ಬೇರೆ ಬೇರೆ ಕೆಲಸ. ಅವಳಿಗೆ ಎರಡನೆಯದರಲ್ಲಿ ಅನುಮಾನ ಇರುತ್ತದೆ, ನೀವು ಮೂರನೆಯದನ್ನು ಅರ್ಧ ಗಂಟೆ ವಿವರಿಸುತ್ತೀರಿ, ಅವಳು ಮರ್ಯಾದೆಗೆ ತಲೆಯಾಡಿಸಿ ಹೋಗುತ್ತಾಳೆ.

ವಾಕ್ಯ ಸಿಕ್ಕ ಮೇಲೆ ಇನ್ನೆರಡು ವಿಷಯ ಕೇಳಿ. ಇದನ್ನು ಯಾರಿಗೆ ಹೇಳಬೇಕು? ಕನ್ನಡದಲ್ಲಾದರೆ ಹೇಗೆ ಹೇಳುತ್ತಿದ್ದೆ? ಅರ್ಧ ಉತ್ತರ ಅಲ್ಲೇ ಸಿಗುತ್ತದೆ.

ಎರಡನೇ ಹೆಜ್ಜೆ: ಕನ್ನಡದ ಒಂದು ಬಾಲಕ್ಕೆ ಇಂಗ್ಲಿಷಲ್ಲಿ ಎಷ್ಟು ದಾರಿ ಅಂತ ತೋರಿಸಿ

ಇಂಟರ್‌ವ್ಯೂಗೆ ಹೋಗುವವರ ಬಾಯಲ್ಲಿ ನಾನು ಅತಿ ಹೆಚ್ಚು ಕೇಳುವ ವಾಕ್ಯ ಇದು: "ಐ ಆಮ್ ವರ್ಕಿಂಗ್ ಹಿಯರ್ ಸಿನ್ಸ್ ಟೂ ಇಯರ್ಸ್." ಒಳಗಿರುವ ಕನ್ನಡ "ಎರಡು ವರ್ಷದಿಂದ ಇಲ್ಲಿ ಕೆಲಸ ಮಾಡ್ತಿದ್ದೀನಿ." ಕನ್ನಡದಲ್ಲಿ ಎರಡು ವರ್ಷದಿಂದಲೂ "ಇಂದ", 2022ರಿಂದಲೂ "ಇಂದ". ಇಂಗ್ಲಿಷಲ್ಲಿ ಬೇರೆ ಮಾಡಬೇಕು. "ಇಂದ"ದ ಹಿಂದೆ ಶುರುವಾದ ಸಮಯ ಇದ್ದರೆ ಸಿನ್ಸ್: 2022ರಿಂದ, ಸೋಮವಾರದಿಂದ, ಮದುವೆಯಾದಾಗಿನಿಂದ. ಅಳತೆ ಇದ್ದರೆ ಫಾರ್: ಎರಡು ವರ್ಷದಿಂದ, ಹತ್ತು ದಿನದಿಂದ.

ಇದನ್ನು ಮನವರಿಕೆ ಮಾಡಿಸಲು ನಾನು ಬಳಸುವ ವಾಕ್ಯ: "ಮೂರು ಗಂಟೆಯಿಂದ ಬಸ್ಸಿಗೆ ಕಾಯ್ತಿದ್ದೀನಿ." ಮೂರು ಗಂಟೆಗೆ ಬಂದು ನಿಂತೆ ಅಂತಲಾ, ಮೂರು ತಾಸು ಕಾದೆ ಅಂತಲಾ? ಕನ್ನಡದಲ್ಲಿ ಎರಡೂ ಆಗಬಹುದು. ಎದುರಿಗಿರುವವರು ಮುಖ ನೋಡಿ ಅರ್ಥ ಮಾಡಿಕೊಳ್ಳುತ್ತಾರೆ. ಇಂಗ್ಲಿಷಲ್ಲಿ ಮೊದಲನೆಯದು "ಸಿನ್ಸ್ ತ್ರೀ ಓಕ್ಲಾಕ್", ಎರಡನೆಯದು "ಫಾರ್ ತ್ರೀ ಅವರ್ಸ್". ಈ ಒಂದು ವಾಕ್ಯ ಹೇಳಿಸಿದರೆ ಹುಡುಗರು ಮತ್ತೆ ಮರೆಯುವುದು ಕಡಿಮೆ. ಜೊತೆಗೆ ಕ್ರಿಯಾಪದವನ್ನೂ ಸರಿ ಮಾಡಿಸಿ. ಹಿಂದೆ ಶುರುವಾಗಿ ಈಗಲೂ ನಡೆಯುತ್ತಿದೆ, ಹಾಗಾಗಿ "ಐ ಹ್ಯಾವ್ ಬೀನ್ ವರ್ಕಿಂಗ್ ಹಿಯರ್ ಫಾರ್ ಟೂ ಇಯರ್ಸ್." ಇಂಟರ್‌ವ್ಯೂಗೆ ಹೋಗುವವರಿಗೆ ಇದೊಂದನ್ನು ಬಾಯಿಪಾಠ ಮಾಡಿಸಿದರೂ ತಪ್ಪಿಲ್ಲ.

"ಅಲ್ಲಿ" ಅನ್ನುವುದೂ ಹೀಗೇ. ಕೋಲಾರದಲ್ಲಿ, ಬಸ್ಸಲ್ಲಿ, ಬಸ್‌ಸ್ಟ್ಯಾಂಡಲ್ಲಿ ಅಂತ ನಾವು ಒಂದೇ ಬಾಲ ಅಂಟಿಸುತ್ತೇವೆ. ಇಂಗ್ಲಿಷಲ್ಲಿ "ಇನ್ ಕೋಲಾರ್", "ಆನ್ ದ ಬಸ್", "ಅಟ್ ದ ಬಸ್ ಸ್ಟ್ಯಾಂಡ್". ಗಾಡಿಗಳಿಗೆ ಒಂದು ಸುಲಭದ ಗುರುತು ಇದೆ. ಒಳಗೆ ಎದ್ದು ಓಡಾಡಬಹುದಾದ ಬಸ್ಸು, ರೈಲು, ವಿಮಾನಕ್ಕೆ ಆನ್. ಕೂತಲ್ಲೇ ಕೂರಬೇಕಾದ ಕಾರು, ಆಟೋಗೆ ಇನ್. ಬೈಕಿನ ಮೇಲೆ ಕೂರುತ್ತೇವಲ್ಲ, ಅದಕ್ಕೂ ಆನ್. ಹೊತ್ತಿನ ಲೆಕ್ಕದಲ್ಲಿ ಗಡಿಯಾರದ ಸಮಯಕ್ಕೆ ಅಟ್, ದಿನಕ್ಕೆ ಆನ್, ತಿಂಗಳು ವರ್ಷಕ್ಕೆ ಇನ್. "ಇನ್ ದ ಮಾರ್ನಿಂಗ್" ಆದರೆ "ಅಟ್ ನೈಟ್" ಯಾಕೆ ಅಂದರೆ, ಅದು ರೂಢಿ. ಎಲ್ಲದಕ್ಕೂ ಕಾರಣ ಹುಡುಕಿ ಕಥೆ ಕಟ್ಟಬೇಡಿ.

ಮೂರನೇ ಹೆಜ್ಜೆ: ರೂಲ್ ಕನ್ನಡದಲ್ಲೇ ಇದ್ದರೆ ಅದನ್ನು ತೋರಿಸಿ

"ಡಿಡ್ ನಾಟ್ ವೆಂಟ್ ಯಾಕೆ ತಪ್ಪು? ನಿನ್ನೆ ನಡೆದದ್ದು ಅಲ್ವಾ?" ಇದಕ್ಕೆ ಗ್ರಾಮರ್ ಪುಸ್ತಕ ಬೇಡ. "ಹೋದೆ" ಅನ್ನುವುದಕ್ಕೆ ಇಲ್ಲ ಅಂತ ಹೇಳಬೇಕಾದರೆ ಏನಂತೀಯ ಅಂತ ಕೇಳಿ. "ಹೋಗಲಿಲ್ಲ" ಅನ್ನುತ್ತಾರೆ. "ಹೋದಲಿಲ್ಲ" ಅಂತ ಯಾರಾದರೂ ಅಂದಾರಾ? ನಿನ್ನೆಯ ಕಥೆ ಅನ್ನುವುದನ್ನು "ಲಿಲ್ಲ" ಹೇಳಿಬಿಟ್ಟಿತು, "ಹೋಗು" ಮೊದಲಿನ ರೂಪಕ್ಕೆ ಹೋಯಿತು. ಇಂಗ್ಲಿಷಲ್ಲೂ ಅದೇ ಕಥೆ. "ಐ ವೆಂಟ್", ಇಲ್ಲ ಅನ್ನುವಾಗ "ಐ ಡಿಡ್ ನಾಟ್ ಗೋ".

ಆದರೆ ಪ್ರಶ್ನೆ ಕೇಳುವಾಗ ಕನ್ನಡ ಕೈಕೊಡುತ್ತದೆ. "ಹೋದೆಯಾ?" ಅನ್ನುವಲ್ಲಿ "ಹೋದೆ" ಹಾಗೇ ಉಳಿಯುತ್ತದಲ್ಲ, ಅದಕ್ಕೇ "ಡಿಡ್ ಯು ವೆಂಟ್" ಅನ್ನುವ ತಪ್ಪು ಬೇಗ ಬಿಡುವುದಿಲ್ಲ. ಹಾಗಾಗಿ ಮೊದಲು ಇಲ್ಲ ಅನ್ನುವ ವಾಕ್ಯಗಳನ್ನು ಒಂದಷ್ಟು ದಿನ ಹೇಳಿಸಿ. ಅವು ನಾಲಿಗೆಗೆ ಕೂತ ಮೇಲೆ ಪ್ರಶ್ನೆಗೆ ಬನ್ನಿ. ಪುಸ್ತಕಗಳು ಎರಡನ್ನೂ ಒಂದೇ ಪಾಠದಲ್ಲಿ ತುರುಕುತ್ತವೆ. ನನಗೆ ಅದು ಸರಿ ಕಾಣುವುದಿಲ್ಲ.

"ಐ ಆಮ್ ಹ್ಯಾವಿಂಗ್ ಟೂ ಸಿಸ್ಟರ್ಸ್", "ಐ ಆಮ್ ನೋಯಿಂಗ್ ಕನ್ನಡ" ಅನ್ನುವವರಿಗೂ ಕನ್ನಡದ ಪರೀಕ್ಷೆಯೇ ಸಾಕು. ಆ ಮಾತಿಗೆ "ತಾ ಇದ್ದೀನಿ" ಅಂಟುತ್ತದಾ ನೋಡಿ. ತಿಂತಾ ಇದ್ದೀನಿ, ಬರೀತಾ ಇದ್ದೀನಿ, ಸರಿ. ಗೊತ್ತು, ಬೇಕು, ಇಷ್ಟ, ಇದೆ, ಇವಕ್ಕೆ ಅಂಟಿಸಿ ನೋಡಿ, ಅಂಟುವುದಿಲ್ಲ. ಇಂಗ್ಲಿಷಲ್ಲಿ ನೋ, ವಾಂಟ್, ಲೈಕ್, ಹ್ಯಾವ್ ಇವಕ್ಕೂ ಸಾಮಾನ್ಯವಾಗಿ "ಇಂಗ್" ಹತ್ತುವುದಿಲ್ಲ. "ಐ ಆಮ್ ಹ್ಯಾವಿಂಗ್ ಲಂಚ್" ಸರಿ, ಯಾಕಂದರೆ ಅಲ್ಲಿ ಹ್ಯಾವ್ ಅಂದರೆ ತಿನ್ನೋದು. ಈ ಪರೀಕ್ಷೆಗೆ ಸಿಗದವು ಕೆಲವಿವೆ. "ಅರ್ಥವಾಗ್ತಾ ಇದೆ" ಅಂತ ನಾವು ಹೇಳುತ್ತೇವೆ, "ಐ ಆಮ್ ಅಂಡರ್‌ಸ್ಟ್ಯಾಂಡಿಂಗ್" ಅಂತ ಅವರು ಹೇಳುವುದಿಲ್ಲ, "ಐ ಅಂಡರ್‌ಸ್ಟ್ಯಾಂಡ್" ಅನ್ನುತ್ತಾರೆ. "ಕೇಳಿಸ್ತಾ ಇದೆಯಾ?" ಅನ್ನುವುದಕ್ಕೆ "ಕೆನ್ ಯು ಹಿಯರ್ ಮಿ?" ಫೋನಿನಲ್ಲಿ ದಿನಾ ಬೇಕಾಗುವ ಮಾತು ಇದು.

ಬಯೋಡೇಟಾದಲ್ಲಿ ಬರುವ ಒಂದು ತಪ್ಪನ್ನು ಇಲ್ಲೇ ಹೇಳಿಬಿಡುತ್ತೇನೆ. "ಐ ಹ್ಯಾವ್ ಕಂಪ್ಲೀಟೆಡ್ ಮೈ ಬಿ.ಕಾಂ. ಇನ್ 2021." ವರ್ಷ, ದಿನ, ನಿನ್ನೆ, ಹೋದ ವಾರ ಅಂತ ಮುಗಿದ ಸಮಯ ಹೇಳಿದರೆ ಹ್ಯಾವ್ ತೆಗೆಯಿರಿ. "ಐ ಕಂಪ್ಲೀಟೆಡ್" ಸಾಕು. ವರ್ಷ ಹೇಳದಿದ್ದರೆ ಹ್ಯಾವ್ ಇರಲಿ.

ನಾಲ್ಕನೇ ಹೆಜ್ಜೆ: ಕನ್ನಡದಲ್ಲಿ ಇಲ್ಲವೇ ಇಲ್ಲದ್ದಕ್ಕೆ ಅವರ ಕೆಲಸದಿಂದಲೇ ಉದಾಹರಣೆ ತೆಗೆಯಿರಿ

ಎ, ಆನ್, ದ. ಇವು ನಮಗಿಲ್ಲ. ಮಂಡಿ ಹುಡುಗನಿಗೆ ನಾನು ಹೇಳಿದ್ದು ಹೀಗೆ: ನೀನು ವ್ಯಾಪಾರಿಗೆ ಮೆಸೇಜ್ ಹಾಕ್ತಿದ್ದೀಯ. ಅವನಿಗೆ ಇನ್ನೂ ಗೊತ್ತಿಲ್ಲದ ಬಾಕ್ಸ್ ಬಗ್ಗೆ ಮೊದಲ ಸಲ ಹೇಳುವಾಗ "ಎ ಬಾಕ್ಸ್". ಒಂದು ಸಲ ಹೇಳಿಯಾದ ಮೇಲೆ ಅದೇ ಬಾಕ್ಸ್ "ದ ಬಾಕ್ಸ್". "ವಿ ಫೌಂಡ್ ಎ ಡ್ಯಾಮೇಜ್ಡ್ ಬಾಕ್ಸ್. ದ ಬಾಕ್ಸ್ ವಾಸ್ ಅಟ್ ದ ಬಾಟಮ್." ಕೇಳುವವನಿಗೆ "ಯಾವುದು?" ಅನ್ನುವ ಪ್ರಶ್ನೆ ಹುಟ್ಟುವುದಿಲ್ಲ ಅಂದರೆ ದ. ಹೇಳುವವನಿಗೆ ಗೊತ್ತಿದ್ದರೆ ಸಾಲದು, ಕೇಳುವವನಿಗೆ ಗೊತ್ತಿರಬೇಕು. ಹುಡುಗರು ಎಡವುವುದು ಇಲ್ಲೇ.

ಎ ಮತ್ತು ಆನ್ ವಿಷಯದಲ್ಲಿ ಅಕ್ಷರ ನೋಡಬೇಡಿ, ಕಿವಿ ಕೊಡಿ. ಅವರ್ ಅನ್ನುವುದು "ಅ"ದಿಂದ ಶುರುವಾಗುತ್ತದೆ, ಹಾಗಾಗಿ "ಆನ್ ಅವರ್". ಯೂನಿವರ್ಸಿಟಿ "ಯ"ದಿಂದ, ಹಾಗಾಗಿ "ಎ ಯೂನಿವರ್ಸಿಟಿ". "ಆನ್ ಎಂಬಿಎ", "ಆನ್ ಎಸ್ಸೆಸ್ಸೆಲ್ಸಿ ಸ್ಟೂಡೆಂಟ್". ನಮ್ಮಲ್ಲಿ ತುಂಬ ಜನ ಎಂ ಅನ್ನು ಯೆಂ ಅಂತಾರೆ, ಹಾಗೆ ಹೇಳಿಕೊಂಡರೆ ಕಿವಿ ಮೋಸ ಮಾಡುತ್ತದೆ. ಮೊದಲು ಆ ಯಕಾರ ಬಿಡಿಸಿ.

"ನೀನು ನಿಮ್ಮಪ್ಪನಿಗೆ ಎಷ್ಟನೇ ಮಗ?" ಇದನ್ನು ಇಂಗ್ಲಿಷಲ್ಲಿ ಹೇಗೆ ಕೇಳೋದು ಅಂತ ನಿಮ್ಮನ್ನು ಪರೀಕ್ಷೆ ಮಾಡಲೆಂದೇ ಒಬ್ಬರು ಬರುತ್ತಾರೆ. ಪ್ರತಿ ಊರಲ್ಲೂ ಇರುತ್ತಾರೆ. "ಎಷ್ಟನೇ" ಅನ್ನಲು ಇಂಗ್ಲಿಷಲ್ಲಿ ಬಳಕೆಯ ಒಂದೇ ಮಾತಿಲ್ಲ, ಸುತ್ತಿ ಕೇಳಬೇಕು. "ಆರ್ ಯು ದ ಎಲ್ಡೆಸ್ಟ್?" ಅಂತ ಕೇಳಿದರೆ ಅವರೇ "ನೋ, ಐ ಆಮ್ ದ ಥರ್ಡ್" ಅನ್ನುತ್ತಾರೆ. ಅಷ್ಟು ಸಾಕು.

ಐದನೇ ಹೆಜ್ಜೆ: ಹೌದು-ಇಲ್ಲ ಗಲಾಟೆಯನ್ನು ಎದುರು ಕೂರಿಸಿ ಬಿಡಿಸಿ

ಇದಕ್ಕೆ ಸಮಯ ಕೊಡಿ. ಗ್ರಾಮರ್ ತಪ್ಪಾದರೆ ಎದುರಿನವರು ಹೇಗೋ ಅರ್ಥ ಮಾಡಿಕೊಳ್ಳುತ್ತಾರೆ. ಇದು ತಪ್ಪಾದರೆ ಅರ್ಥವೇ ಉಲ್ಟಾ.

ವೇಮಗಲ್ ಕಡೆಯ ಹುಡುಗಿಯೊಬ್ಬಳಿಗೆ ಇಂಟರ್‌ವ್ಯೂ ಅಭ್ಯಾಸ ಮಾಡಿಸುತ್ತಿದ್ದೆ. ನಾನು ಕೇಳಿದೆ: "ಸೋ, ಯು ಡೋಂಟ್ ಹ್ಯಾವ್ ಎನಿ ಎಕ್ಸ್‌ಪೀರಿಯೆನ್ಸ್?" ಅವಳು ಧೈರ್ಯವಾಗಿ "ಯೆಸ್ ಮೇಡಂ" ಅಂದಳು. "ಓ, ವೇರ್ ಡಿಡ್ ಯು ವರ್ಕ್?" ಅಂದೆ. ಅವಳು ಕಕ್ಕಾಬಿಕ್ಕಿ. "ಅಕ್ಕಾ, ಇಲ್ಲ ಅಂತಾನೇ ಹೇಳಿದ್ದು ನಾನು!" ಅಂದಳು.

ಅವಳ ಮನಸ್ಸಲ್ಲಿ ನಡೆದದ್ದು ಇಷ್ಟು. "ಎಕ್ಸ್‌ಪೀರಿಯೆನ್ಸ್ ಇಲ್ವಾ?" "ಹೌದು, ಇಲ್ಲ." ಕನ್ನಡದಲ್ಲಿ ಹೌದು ಅನ್ನುವುದು ಕೇಳಿದವರ ಮಾತಿಗೆ ಒಪ್ಪಿಗೆ. ನೀವು ಹೇಳಿದ್ದು ನಿಜ ಅಂತ. ಇಂಗ್ಲಿಷಲ್ಲಿ ಯೆಸ್, ನೋ ಎರಡೂ ಸಂಗತಿಗೆ ಸೇರಿದ್ದು, ಕೇಳಿದವರು ಹೇಗೆ ಕೇಳಿದರು ಅನ್ನುವುದಕ್ಕಲ್ಲ. ಅನುಭವ ಇದೆ ಅಂದರೆ ಯೆಸ್, ಇಲ್ಲ ಅಂದರೆ ನೋ. "ಹ್ಯಾವಂಟ್ ಯು ಈಟನ್?" ಅಂದರೂ "ಹ್ಯಾವ್ ಯು ಈಟನ್?" ಅಂದರೂ, ತಿಂದಿಲ್ಲ ಅಂದರೆ ಉತ್ತರ "ನೋ".

ಇದನ್ನು ವಿವರಿಸಿದರೆ ಅರ್ಥವಾಗುತ್ತದೆ, ಆದರೆ ಬಾಯಿ ಕೇಳುವುದಿಲ್ಲ. ಅದಕ್ಕೆ ನಾನು ಮಾಡುವ ಉಪಾಯ: ಬರೀ ಯೆಸ್ ಅಥವಾ ಬರೀ ನೋ ಅನ್ನುವುದಕ್ಕೆ ಬಿಡುವುದೇ ಇಲ್ಲ. ಹಿಂದೆ ಬಾಲ ಇರಲೇಬೇಕು. "ನೋ ಸರ್, ಐ ಡೋಂಟ್." "ಯೆಸ್ ಸರ್, ಐ ಡೂ." ಬಾಲ ಸೇರಿಸುವ ಹೊತ್ತಿಗೆ ತಲೆ ಓಡುತ್ತದೆ. ಒಂದು ವೇಳೆ ಮುಂದಿನದು ತಪ್ಪಿದರೂ ಹಿಂದಿನದು ಕಾಪಾಡುತ್ತದೆ.

ಇದರ ಇನ್ನೊಂದು ತಮ್ಮ "ಡೂ ಯು ಮೈಂಡ್ ಇಫ್ ಐ ಸಿಟ್ ಹಿಯರ್?" ನಮ್ಮವರು ಸೌಜನ್ಯಕ್ಕೆ "ಯೆಸ್ ಯೆಸ್" ಅಂತಾರೆ. ಅವರು ಕೇಳಿದ್ದು ನಾನು ಕೂತರೆ ನಿಮಗೆ ತೊಂದರೆಯಾ ಅಂತ. ಹಾಗಾಗಿ ಕೂತ್ಕೊಳ್ಳಿ ಅನ್ನಲು "ನೋ, ನಾಟ್ ಅಟ್ ಆಲ್." ನಿಜ ಹೇಳಬೇಕೆಂದರೆ, ನಗುತ್ತಾ ಕೈತೋರಿಸಿ "ಪ್ಲೀಸ್ ಸಿಟ್" ಅಂದುಬಿಟ್ಟರೆ ಎಲ್ಲಿ ಹೋದರೂ ನಡೆಯುತ್ತದೆ.

ಆರನೇ ಹೆಜ್ಜೆ: ಮರ್ಯಾದೆ ಎಲ್ಲಿ ಕೂತಿದೆ ಅಂತ ತೋರಿಸಿ

"ನಾನು ಕೆಟ್ಟದಾಗಿ ಮಾತಾಡಲೇ ಇಲ್ಲ, ಆದರೂ ಟೀಮ್ ಲೀಡರ್ ಮುಖ ಸಿಂಡರಿಸಿದ್ರು" ಅಂತ ಒಬ್ಬರು ಬಂದು ಹೇಳಿದರೆ, ಕಳಿಸಿದ ಮೆಸೇಜ್ ತೋರಿಸಿ ಅನ್ನಿ. ಬಹುಶಃ ಅದರಲ್ಲಿ "ಸೆಂಡ್ ಮಿ ದ ಫೈಲ್" ಅಂತ ಇರುತ್ತದೆ. ಕನ್ನಡದಲ್ಲಿ "ಫೈಲ್ ಕಳಿಸಿ" ಅನ್ನುವುದರಲ್ಲಿ ಮರ್ಯಾದೆ ಆ ಕೊನೆಯ "ಇ"ಯಲ್ಲೇ ಇದೆ. "ಕಳಿಸು"ಗೂ "ಕಳಿಸಿ"ಗೂ ಎಷ್ಟು ವ್ಯತ್ಯಾಸ ಅಂತ ಚಿಕ್ಕ ಮಗುವಿಗೂ ಗೊತ್ತು. ದಯವಿಟ್ಟು ಅನ್ನುವುದನ್ನು ನಾವು ಬೋರ್ಡಿನ ಮೇಲೆ ಬರೆಯುತ್ತೇವೆ, ಮನೆಯಲ್ಲಿ ಯಾರೂ ಅನ್ನುವುದಿಲ್ಲ. ಇಂಗ್ಲಿಷಿನ ಸೆಂಡ್‌ಗೆ ಆ ಬಾಲ ಇಲ್ಲ. ಹಾಗಾಗಿ ಮರ್ಯಾದೆಯನ್ನು ಹೊರಗಿನಿಂದ ತಂದು ಸೇರಿಸಬೇಕು. "ಕುಡ್ ಯು ಸೆಂಡ್ ಮಿ ದ ಫೈಲ್, ಪ್ಲೀಸ್?" ಆಜ್ಞೆಯನ್ನು ಪ್ರಶ್ನೆ ಮಾಡಿದರೆ ಮೆತ್ತಗಾಗುತ್ತದೆ. ಕೆನ್ ಗಿಂತ ಕುಡ್ ಇನ್ನೂ ಮೆತ್ತಗೆ.

ಇಲ್ಲಿ ಒಂದು ಪ್ರಶ್ನೆ ಬಂದೇ ಬರುತ್ತದೆ: ಇಂಗ್ಲಿಷಲ್ಲಿ ನೀನು, ನೀವು ಅಂತ ಬೇರೆ ಯಾಕಿಲ್ಲ? ಹಿಂದೆ ಇತ್ತು. ಒಬ್ಬರಿಗೆ, ಸಲುಗೆಯವರಿಗೆ, ಕೆಳಗಿನವರಿಗೆ "ದೌ". ಹಲವರಿಗೆ, ದೊಡ್ಡವರಿಗೆ "ಯು". 17ನೇ ಶತಮಾನದಲ್ಲಿ ಎಲ್ಲರಿಗೂ ಯು ಅನ್ನುವುದು ಜಾಸ್ತಿಯಾಗಿ ದೌ ಮೂಲೆಗೆ ಬಿತ್ತು. 1611ರ ಇಂಗ್ಲಿಷ್ ಬೈಬಲ್ಲಿನಲ್ಲೂ ಹಳೆ ಪ್ರಾರ್ಥನೆಗಳಲ್ಲೂ ಅದು ಇನ್ನೂ ಇದೆ. ಅಂದರೆ ಅವರು ಕಳೆದುಕೊಂಡದ್ದು ನೀನು, ಉಳಿಸಿಕೊಂಡದ್ದು ನೀವು. ಇದನ್ನು ಹೇಳಿದರೆ, ಯು ಅಂತ ದೊಡ್ಡವರನ್ನು ಮಾತಾಡಿಸಲು ಹಿಂಜರಿಯುವವರಿಗೆ ಸಮಾಧಾನವಾಗುತ್ತದೆ.

ಸರ್ ಮೇಡಂ ವಿಷಯ. ನಮ್ಮ ಆಫೀಸು, ಬ್ಯಾಂಕು, ಕಾಲೇಜುಗಳಲ್ಲಿ ಸರ್ ಅನ್ನದಿದ್ದರೆ ಮಾತೇ ಮುಂದೆ ಹೋಗುವುದಿಲ್ಲ. ವಿದೇಶದ ಜೊತೆ ಕೆಲಸ ಮಾಡುವ ಕಂಪನಿಗಳಲ್ಲಿ ಮ್ಯಾನೇಜರನ್ನೂ ಬರೀ ಹೆಸರಿಂದ ಕರೆಯುವುದು ರೂಢಿ. ಅಲ್ಲಿ ಸರ್ ಸರ್ ಅಂದರೆ ಅವರಿಗೇ ಮುಜುಗರ. ನನ್ನ ಸಲಹೆ: ಮೊದಲ ದಿನ ಸರ್ ಅನ್ನಿ, ಅವರು ಹೆಸರು ಹಿಡಿದು ಕರೆ ಅಂದ ಮೇಲೆ ಹೆಸರು ಹಿಡಿದೇ ಕರೆಯಿರಿ. ಅಂಕಲ್ ಆಂಟಿ ಮಾತ್ರ ಆಫೀಸಿಗೆ ತರಬೇಡಿ.

"ಹೌ ಆರ್ ಯು?" ಅಂತ ಕೇಳಿದರೆ ಮಂಡಿನೋವಿನ ಕಥೆ ಬೇಡ, "ಗುಡ್, ಥ್ಯಾಂಕ್ಸ್. ಹೌ ಆರ್ ಯು?" ಸಾಕು. ನಾವು "ಊಟ ಆಯ್ತಾ?" ಅನ್ನುವ ಹಾಗೆ ಅದು ಬರೀ ಮಾತಾಡಿಸುವ ರೀತಿ. ಹಾಗಂತ "ಹ್ಯಾಡ್ ಯುವರ್ ಲಂಚ್?" ಅಂತ ವಿದೇಶದವರನ್ನು ಕೇಳಿದರೆ, ಇವರು ಊಟಕ್ಕೆ ಕರೀತಿದ್ದಾರೇನೋ ಅಂದುಕೊಳ್ಳಬಹುದು. ಮದುವೆ ಆಯ್ತಾ, ಎಷ್ಟು ವಯಸ್ಸು, ಸಂಬಳ ಎಷ್ಟು, ಮಕ್ಕಳೆಷ್ಟು? ನಮ್ಮ ಬಸ್ಸಲ್ಲಿ ಪಕ್ಕ ಕೂತವರೊಡನೆ ಹೊಸಕೋಟೆ ದಾಟುವಷ್ಟರಲ್ಲಿ ಇಷ್ಟೂ ಮುಗಿದಿರುತ್ತದೆ. ಇಂಗ್ಲೆಂಡ್, ಅಮೆರಿಕದವರಿಗೆ ಇವು ತೀರಾ ಸ್ವಂತ ವಿಷಯಗಳು. ಅವರೊಡನೆ ಹವಾಮಾನ, ವೀಕೆಂಡ್, ಪ್ರಯಾಣ, ತಿಂಡಿ, ಇವುಗಳಿಂದ ಶುರು ಮಾಡೋದು ಕ್ಷೇಮ. ನನಗೇನೋ ನಮ್ಮ ಪದ್ಧತಿಯೇ ಇಷ್ಟ, ಆದರೆ ಕೆಲಸ ಉಳಿಯಬೇಕಲ್ಲ.

ಏಳನೇ ಹೆಜ್ಜೆ: ಯಾವುದು ತಪ್ಪು, ಯಾವುದು ನಮ್ಮ ಬಳಕೆ ಅಂತ ಬೇರೆ ಮಾಡಿ

ಎಲ್ಲದಕ್ಕೂ ಕೆಂಪು ಗೆರೆ ಎಳೆಯಬೇಡಿ. "ಪ್ರೀಪೋನ್" ಅನ್ನುವುದು ನಮ್ಮ ದೇಶದಲ್ಲಿ ಬೆಳೆದ ಮಾತು, ಈಗ ಆಕ್ಸ್‌ಫರ್ಡ್ ನಿಘಂಟಿನಲ್ಲೂ ಇದೆ. "ಕಸಿನ್ ಬ್ರದರ್", "ಔಟ್ ಆಫ್ ಸ್ಟೇಷನ್", "ನೇಟಿವ್ ಪ್ಲೇಸ್" ಇವು ಭಾರತದೊಳಗೆ ಎಲ್ಲರಿಗೂ ಅರ್ಥವಾಗುತ್ತವೆ. ಹೊರಗಿನವರಿಗೆ ಬರೆಯುವಾಗ ಮಾತ್ರ ಎಚ್ಚರ. "ಐ ಪಾಸ್ಡ್ ಔಟ್ ಇನ್ 2021" ಅಂದರೆ ಅಮೆರಿಕದವರಿಗೆ ಪ್ರಜ್ಞೆ ತಪ್ಪಿ ಬಿದ್ದೆ ಅಂತ ಕೇಳಿಸುತ್ತದೆ. "ಐ ಗ್ರ್ಯಾಜುಯೇಟೆಡ್" ಅನ್ನಿ.

"ಐ ಆಮ್ ಇನ್ ಕೋಲಾರ್ ಓನ್ಲಿ." ಇದು "ಕೋಲಾರದಲ್ಲೇ ಇದ್ದೀನಿ" ಅನ್ನುವುದರ "ಏ". ಒತ್ತು ಕೊಡಲು ಇಂಗ್ಲಿಷಲ್ಲಿ ಸಾಮಾನ್ಯವಾಗಿ ದನಿ ಏರಿಸುತ್ತಾರೆ. "ಐ ಆಮ್ ಇನ್ ಕೋಲಾರ್" ಅನ್ನುವಾಗ ಕೋಲಾರ್ ಅನ್ನುವುದನ್ನೇ ಒತ್ತಿ ಹೇಳಿದರೆ ಆಯಿತು. "ಯು ಆರ್ ಕಮಿಂಗ್, ಇಸಂಟ್ ಇಟ್?" ಅನ್ನುವುದು ನಮ್ಮ "ಅಲ್ವಾ". ಪುಸ್ತಕದ ಪ್ರಕಾರ "ಆರಂಟ್ ಯು?" ಆಗಬೇಕು, ಪ್ರತಿ ವಾಕ್ಯಕ್ಕೂ ಬೇರೆ ಬೇರೆ. ಪರೀಕ್ಷೆ ಬರೆಯುವವರು ಕಲಿಯಲಿ. ಮಾತಿಗೆ ಕೊನೆಯಲ್ಲಿ "ರೈಟ್?" ಅಂತ ಸೇರಿಸಿದರೆ ಎಲ್ಲ ಕಡೆ ಒಪ್ಪುತ್ತದೆ.

ಬ್ರಿಟಿಷ್ ಇಂಗ್ಲಿಷಾ, ಅಮೆರಿಕನ್ ಇಂಗ್ಲಿಷಾ ಅಂತಲೂ ಕೇಳುತ್ತಾರೆ. ನಮ್ಮ ಜಿಲ್ಲೆಯಲ್ಲಿ ಕೆಜಿಎಫ್ ಇದೆ. 1880ರಲ್ಲಿ ಬ್ರಿಟಿಷರ ಗಣಿ ಕಂಪನಿ ಜಾನ್ ಟೇಲರ್ ಬಂದ ಮೇಲೆ ಬಂಗಲೆ, ಕ್ಲಬ್ಬು ಎಲ್ಲ ಎದ್ದು "ಲಿಟಲ್ ಇಂಗ್ಲೆಂಡ್" ಅನ್ನಿಸಿಕೊಂಡ ಊರು. ನಾವು ಶಾಲೆಯಲ್ಲಿ ಕಲಿಯುವುದೂ ಬ್ರಿಟಿಷ್ ಕಾಗುಣಿತವೇ. ಕಂಪ್ಯೂಟರು, ಫೋನು ಮಾತ್ರ ಎಷ್ಟೋ ಸಲ ಅಮೆರಿಕದ್ದನ್ನು ತೋರಿಸುತ್ತವೆ. ಯಾವುದಾದರೂ ಸರಿ, ಒಂದೇ ಕಾಗದದಲ್ಲಿ ಎರಡೂ ಬೇಡ. ಆದರೆ ಮೂರು ಕಡೆ ಮೋಸ ಹೋಗಬಾರದು. 04/05 ಅಂದರೆ ನಮಗೂ ಇಂಗ್ಲೆಂಡಿನವರಿಗೂ ಮೇ 4, ಅಮೆರಿಕದವರಿಗೆ ಏಪ್ರಿಲ್ 5. ಅದಕ್ಕೆ ತಿಂಗಳ ಹೆಸರನ್ನು ಅಕ್ಷರದಲ್ಲೇ ಬರೆಯಲು ಹೇಳಿ. ನಮ್ಮ ಫಸ್ಟ್ ಫ್ಲೋರ್ ಅವರಿಗೆ ಸೆಕೆಂಡ್ ಫ್ಲೋರ್, ಯಾಕಂದರೆ ಅವರು ನೆಲಮಹಡಿಯಿಂದಲೇ ಎಣಿಸುತ್ತಾರೆ. ಲಕ್ಷ, ಕೋಟಿ ಹೊರಗೆ ನಡೆಯುವುದಿಲ್ಲ. 10 ಲಕ್ಷ ಅಂದರೆ 1 ಮಿಲಿಯನ್, 100 ಕೋಟಿ ಅಂದರೆ 1 ಬಿಲಿಯನ್. ಕಾಮಾ ಹಾಕುವ ಜಾಗವೂ ಬೇರೆ, ನಮ್ಮ 10,00,000 ಅವರಿಗೆ 1,000,000.

ಎಂಟನೇ ಹೆಜ್ಜೆ: ಉಚ್ಚಾರಣೆಗೆ ಕನ್ನಡ ಅಕ್ಷರ ಬಳಸಿ

ಇಂಗ್ಲಿಷನ್ನು ಕನ್ನಡದಲ್ಲಿ ಬರೆದುಕೊಳ್ಳಬೇಡಿ ಅಂತ ಮೇಷ್ಟ್ರುಗಳು ಬೈಯುತ್ತಾರೆ. ನನಗೆ ಅದು ಪೂರ್ತಿ ಒಪ್ಪಿಗೆಯಿಲ್ಲ. ನಮ್ಮ ಲಿಪಿ ಹೇಳುವ ಹಾಗೇ ಬರೆಯುವ ಲಿಪಿ, ಕೆಲವು ಕಡೆ ಬಹಳ ಉಪಯೋಗಕ್ಕೆ ಬರುತ್ತದೆ. ನಡೆದುಹೋದ ಕ್ರಿಯೆಗೆ ಕೊನೆಯಲ್ಲಿ ಬರುವ "ಎಡ್" ಎಲ್ಲ ಕಡೆ ಎಡ್ ಅಲ್ಲ. ಪ್ಯಾಕ್ ಆದದ್ದು "ಪ್ಯಾಕ್ಟ್", ಚೆಕ್ ಆದದ್ದು "ಚೆಕ್ಟ್", ವಾಶ್ ಆದದ್ದು "ವಾಶ್ಟ್". ಕ್ಲೀನ್ ಆದದ್ದು "ಕ್ಲೀನ್ಡ್", ಕಾಲ್ ಆದದ್ದು "ಕಾಲ್ಡ್". ಲೋಡ್ ಮಾತ್ರ "ಲೋಡಿಡ್", ವಾಂಟ್ "ವಾಂಟಿಡ್". ಮೂಲ ಮಾತು ಟ, ಡ ದನಿಯಲ್ಲಿ ಮುಗಿದರೆ ಇಡ್. ಕ, ಪ, ಚ, ಸ, ಶ, ಫ ದನಿಗಳಲ್ಲಿ ಮುಗಿದರೆ ಟ್. ಉಳಿದವಕ್ಕೆ ಡ್. ಹೀಗೆ ಕನ್ನಡದಲ್ಲಿ ಬರೆದು ತೋರಿಸಿ, ಎರಡು ನಿಮಿಷದ ಕೆಲಸ. "ಪ್ಯಾಕೆಡ್, ವಾಶೆಡ್" ಅನ್ನುವುದು ನಿಲ್ಲುತ್ತದೆ. "ವ"ದ ಎರಡು ಬಗೆ, ತುಟಿ ಕಚ್ಚಿ ಹೇಳುವುದು, ತುಟಿ ದುಂಡಗೆ ಮಾಡಿ ಹೇಳುವುದು, ಇದಕ್ಕೆ ನಮ್ಮ ಲಿಪಿ ಸಾಲದು. ಕನ್ನಡಿ ಎದುರು ನಿಲ್ಲಿಸಿ.

"ನೈಫ್‌ನಲ್ಲಿ ಕೆ ಯಾಕಿದೆ, ಹೇಳೋದೇ ಇಲ್ವಲ್ಲ?" ಹಿಂದೆ ಹೇಳುತ್ತಿದ್ದರು, ಹೆಚ್ಚುಕಡಿಮೆ "ಕ್ನೀಫ್" ಅಂತ. ಕ್ಯಾಕ್ಸ್‌ಟನ್ 1476ರಲ್ಲಿ ಇಂಗ್ಲೆಂಡಿಗೆ ಅಚ್ಚುಕೂಟ ತಂದ. ಮುಂದಿನ ಒಂದೆರಡು ಶತಮಾನದಲ್ಲಿ ಕಾಗುಣಿತ ಮೆಲ್ಲಗೆ ಗಟ್ಟಿಯಾಯಿತು, ಅದೇ ಕಾಲದಲ್ಲಿ ಜನರ ಬಾಯಿ ಬದಲಾಯಿತು. ನೈಟ್ ಒಳಗಿನ ಜಿಎಚ್ ಕೂಡ ಹಾಗೆ ಉಳಿದ ಹಳೆಯ ದನಿ. ಅಮೆರಿಕದಲ್ಲಿ ವೆಬ್‌ಸ್ಟರ್ ತನ್ನ 1828ರ ನಿಘಂಟಿನಲ್ಲಿ ಕಲರ್‌ನ ಯು ತೆಗೆದ, ನೈಫ್‌ನ ಕೆ ತೆಗೆಯಲಿಲ್ಲ.

ಕೊನೇ ಹೆಜ್ಜೆ: ಉತ್ತರ ಗೊತ್ತಿಲ್ಲದಾಗ

"ಇನ್ಫರ್ಮೇಷನ್‌ಗೆ ಎಸ್ ಬರುತ್ತಾ?" ಈ ಥರದ ಪ್ರಶ್ನೆಗೆ ಊಹೆ ಮಾಡಬೇಡಿ. ಕಲಿಯುವವರಿಗೆಂದೇ ಮಾಡಿದ ಆಕ್ಸ್‌ಫರ್ಡ್, ಕೇಂಬ್ರಿಜ್ ನಿಘಂಟುಗಳು ಫೋನಿನಲ್ಲೇ ಪುಕ್ಕಟೆ ಸಿಗುತ್ತವೆ. ಹೆಸರುಪದದ ಪಕ್ಕದಲ್ಲಿ ಕೌಂಟೆಬಲ್, ಅನ್‌ಕೌಂಟೆಬಲ್ ಅಂತಲೋ, ಚಿಕ್ಕದಾಗಿ ಸಿ, ಯು ಅಂತಲೋ ಗುರುತು ಇರುತ್ತದೆ. ಸಿ ಇದ್ದರೆ ಎಣಿಸಬಹುದು, ಎಸ್ ಹಾಕಬಹುದು. ಬರೀ ಯು ಇದ್ದರೆ ಇಲ್ಲ. ಇನ್ಫರ್ಮೇಷನ್, ಫರ್ನಿಚರ್, ಲಗೇಜ್, ಅಡ್ವೈಸ್, ಎಲ್ಲ ಯು. ಎಣಿಸಲೇಬೇಕಾದರೆ "ಟೂ ಪೀಸಸ್ ಆಫ್ ಲಗೇಜ್". ಅಲ್ಲೇ ಸ್ಪೀಕರ್ ಚಿತ್ರ ಒತ್ತಿದರೆ ಬ್ರಿಟಿಷ್, ಅಮೆರಿಕನ್ ಎರಡೂ ಉಚ್ಚಾರಣೆ ಕೇಳಿಸುತ್ತದೆ, ಕೆಳಗೆ ಉದಾಹರಣೆ ವಾಕ್ಯಗಳಿರುತ್ತವೆ. ನೀವೇ ಹುಡುಕಿ ಹೇಳಬೇಡಿ. ಫೋನ್ ಅವರ ಕೈಗೇ ಕೊಟ್ಟು ಹುಡುಕಿಸಿ, ಸಿಕ್ಕ ವಾಕ್ಯವನ್ನು ಜೋರಾಗಿ ಓದಿಸಿ. ಆಮೇಲೆ ಅದೇ ಮಾತಿಟ್ಟು ಅವರ ಮನೆ, ಅವರ ಕೆಲಸದ ಬಗ್ಗೆ ಒಂದು ವಾಕ್ಯ ಹೇಳಿಸಿ. ಮಂಡಿ ಹುಡುಗ ಲಗೇಜ್ ಅಂದರೆ ಲಗೇಜ್ ಆಟೋ ಅಂತಲೇ ಶುರು ಮಾಡುತ್ತಾನೆ, ಮಾಡಲಿ.